ಮೈಸೂರಿನ ತಾಮ್ರದ ಕಾಸುಗಳು: ಸಂಗ್ರಹ ಮತ್ತು ಅಚ್ಚಿನ ಭೇದಗಳು

ಮೈಸೂರು ರಾಜ್ಯದಲ್ಲಿ ಒಡೆಯರ ಕಾಲದಿಂದ 1843ರವರೆಗೆ ಟಂಕಿಸಿದ ತಾಮ್ರದ ನಾಣ್ಯಗಳಿಗೆ ಒಟ್ಟಾಗಿ ಮೈಸೂರಿನ ತಾಮ್ರದ ಕಾಸುಗಳು ಎಂಬ ಹೆಸರು ಸಲ್ಲುತ್ತದೆ. ಒಡೆಯರ ಅಂಕಿಯ ಕಾಸುಗಳು, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆನೆಯ ಕಾಸುಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳು ಇವುಗಳ ಮೂರು ಮುಖ್ಯ ವರ್ಗಗಳು. ಚಿನ್ನದ ವರಹ, ಹಣಗಳಿಗೂ ಬೆಳ್ಳಿಯ ರೂಪಾಯಿಗೂ ಹೋಲಿಸಿದರೆ ಬೆಲೆಯಲ್ಲಿ ಇವು ಕಡಿಮೆ. ಆದರೆ ಸಂತೆಯಲ್ಲಿ, ಅಂಗಡಿಯಲ್ಲಿ, ಕೂಲಿಯ ಬಟವಾಡೆಯಲ್ಲಿ ಜನಸಾಮಾನ್ಯರ ಕೈಗೆ ದಿನವೂ ಬಂದು ಹೋಗುತ್ತಿದ್ದ ನಾಣ್ಯಗಳು ಇವೇ. ಒಂದೇ ಟಂಕಸಾಲೆಯಲ್ಲಿ, ಒಂದೇ ವರ್ಷದಲ್ಲಿ ಹೊರಬಂದ ಎರಡು ಕಾಸುಗಳು ಕೂಡ ಎಷ್ಟೋ ಸಲ ಒಂದೇ ರೀತಿ ಇರುವುದಿಲ್ಲ. ಈ ವ್ಯತ್ಯಾಸಗಳನ್ನು ಗುರುತಿಸಿ, ಜೋಡಿಸಿ, ದಾಖಲಿಸುವುದೇ ಅಚ್ಚಿನ ಭೇದಗಳ ಅಧ್ಯಯನ.

ಅಚ್ಚು ಮತ್ತು ಭೇದ

ಕೈಯಿಂದ ನಾಣ್ಯ ಹೊಡೆಯುವ ಕ್ರಮದಲ್ಲಿ ಎರಡು ಅಚ್ಚುಗಳು ಬೇಕು. ಕೆಳಗಿನದನ್ನು ಅಡಿಗಲ್ಲಿನಲ್ಲೋ ಮರದ ದಿಮ್ಮಿಯಲ್ಲೋ ಅಲುಗಾಡದಂತೆ ಕೂರಿಸಲಾಗುತ್ತದೆ. ಅದರ ಮೇಲೆ ತೂಕಕ್ಕೆ ಸರಿಯಾಗಿ ಕತ್ತರಿಸಿದ ತಾಮ್ರದ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದರೆ ಎರಡೂ ಬದಿಯಲ್ಲಿ ಒಮ್ಮೆಗೇ ಚಿತ್ರ, ಅಕ್ಷರ ಮೂಡುತ್ತವೆ. ಅಚ್ಚು ಕೆತ್ತುವವನು ಪ್ರತಿಯೊಂದು ಅಚ್ಚನ್ನೂ ಹೊಸದಾಗಿ, ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಕೆತ್ತಬೇಕಾಗಿತ್ತು. ಆನೆಯ ಸೊಂಡಿಲು ಒಂದರಲ್ಲಿ ಮೇಲೆದ್ದರೆ ಇನ್ನೊಂದರಲ್ಲಿ ಇಳಿದಿರುತ್ತದೆ. ಅಂಚಿನ ಚುಕ್ಕೆಗಳು ಒಂದರಲ್ಲಿ ಒತ್ತೊತ್ತಾಗಿರುತ್ತವೆ, ಇನ್ನೊಂದರಲ್ಲಿ ವಿರಳವಾಗಿರುತ್ತವೆ. ಕೆತ್ತನೆಗಾರನ ಕೈಯ ಈ ವ್ಯತ್ಯಾಸಗಳು ಆ ಅಚ್ಚಿನಿಂದ ಹುಟ್ಟಿದ ಎಲ್ಲ ನಾಣ್ಯಗಳಲ್ಲೂ ಇರುತ್ತವೆ. ಅದಕ್ಕೇ ಅವುಗಳನ್ನು ಅಚ್ಚಿನ ಭೇದ ಎನ್ನುತ್ತಾರೆ.

ಹೊಡೆತದ ದೋಷ ಬೇರೆ, ಅಚ್ಚಿನ ಭೇದ ಬೇರೆ. ಬಿಲ್ಲೆ ಸರಿದು ಅರ್ಧ ಚಿತ್ರ ಮಾತ್ರ ಮೂಡಿದ್ದರೆ, ಎರಡು ಸಲ ಹೊಡೆದು ಆನೆಗೆ ಎರಡು ಬೆನ್ನು ಕಂಡರೆ, ಅದು ಆ ಒಂದು ನಾಣ್ಯದ ಕಥೆ. ಅಚ್ಚಿನ ಭೇದವಾದರೆ ಮತ್ತೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ಮತ್ತೆ ಕಾಣಿಸಬೇಕು. ಹೊಸಬರು ಇವೆರಡನ್ನೂ ಬೆರೆಸಿಬಿಡುವುದರಿಂದ ಪಟ್ಟಿಗಳಲ್ಲಿ ಇಲ್ಲದ ಭೇದಗಳು ಸೇರಿಕೊಳ್ಳುತ್ತವೆ.

ಹೊಡೆದು ಹೊಡೆದು ಅಚ್ಚು ಸವೆಯುತ್ತದೆ, ಕೊನೆಗೆ ಸೀಳುತ್ತದೆ. ಸೀಳಿನ ಸಂದಿಗೆ ತಾಮ್ರ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆಯೊಂದು ಏಳುತ್ತದೆ. ಮೊದಲ ನಾಣ್ಯದಲ್ಲಿ ಗೆರೆಯಿಲ್ಲ, ಎರಡನೆಯದರಲ್ಲಿ ಆನೆಯ ಕಾಲಿನಿಂದ ಅಂಚಿನವರೆಗೆ ತೆಳುಗೆರೆ, ಮೂರನೆಯದರಲ್ಲಿ ಅದು ದಪ್ಪವಾಗಿ ಹೊಟ್ಟೆಯವರೆಗೆ ಏರಿದೆ ಎಂದಾದರೆ, ಆ ಮೂರು ನಾಣ್ಯಗಳು ಹುಟ್ಟಿದ ಕ್ರಮ ಸಂದೇಹವಿಲ್ಲದೆ ತಿಳಿಯುತ್ತದೆ. ಮೇಲಿನ ಅಚ್ಚು ನೇರ ಹೊಡೆತ ತಿನ್ನುವುದರಿಂದ ಸಾಮಾನ್ಯವಾಗಿ ಬೇಗ ಹಾಳಾಗುತ್ತದೆ. ಆಗ ಕೆಳಗಿನ ಹಳೆಯ ಅಚ್ಚಿಗೇ ಮೇಲೆ ಹೊಸ ಅಚ್ಚು ಜೊತೆಯಾಗುತ್ತದೆ. ಹೀಗೆ ಒಂದು ಮುಂಬದಿಗೆ ಎರಡು ಮೂರು ಹಿಂಬದಿಗಳು ಕೂಡಿಕೊಂಡು ಬೆಳೆಯುವ ಸರಪಳಿಗೆ ಅಚ್ಚಿನ ಕೊಂಡಿ ಎಂದು ಹೆಸರು. ಇಸವಿಯೇ ಇಲ್ಲದ ನಾಣ್ಯಗಳನ್ನು ಕಾಲಕ್ರಮದಲ್ಲಿ ಜೋಡಿಸಲು ಇದಕ್ಕಿಂತ ಭದ್ರವಾದ ಆಧಾರ ನಾಣ್ಯದೊಳಗೇ ಬೇರೊಂದಿಲ್ಲ.

ಒಡೆಯರ ಅಂಕಿಯ ಕಾಸುಗಳು

ಹೈದರನಿಗೂ ಮುಂಚಿನ ಮೈಸೂರು ಕಾಸುಗಳಲ್ಲಿ ಎದ್ದು ಕಾಣುವುದು ಒಂದು ಬದಿಯಲ್ಲಿ ಕನ್ನಡ ಅಂಕಿ, ಇನ್ನೊಂದು ಬದಿಯಲ್ಲಿ ಅಡ್ಡ ಉದ್ದ ಗೆರೆಗಳ ಚೌಕುಳಿ ಇರುವ ಪುಟ್ಟ ನಾಣ್ಯಗಳ ಮಾಲೆ. ಅಂಕಿಗಳು ಒಂದರಿಂದ ಆರಂಭವಾಗಿ ಮೂವತ್ತನ್ನೂ ದಾಟುತ್ತವೆ. ಅರಸರ ಹೆಸರಾಗಲಿ ಇಸವಿಯಾಗಲಿ ಇವುಗಳ ಮೇಲಿಲ್ಲ. ಆನೆ, ಸೂರ್ಯ, ಚಂದ್ರ ಮೊದಲಾದ ಚಿತ್ರಗಳಿರುವ ಕಾಸುಗಳೂ ಇದೇ ಚೌಕುಳಿಯ ಹಿಂಬದಿಯೊಡನೆ ದೊರೆಯುತ್ತವೆ. ಕನ್ನಡ ಅಂಕಿಗಳ ಬರವಣಿಗೆ ಬೆಳೆದು ಬಂದ ಬಗೆಯನ್ನು ಲೋಹದ ಮೇಲೆ ನೋಡಲು ಈ ಮಾಲೆ ಒಳ್ಳೆಯ ಸಾಮಗ್ರಿ. ಮಾಲೆಯನ್ನು ಪೂರ್ತಿ ಮಾಡುವುದು ಕರ್ನಾಟಕದ ಸಂಗ್ರಾಹಕರ ಹಳೆಯ ಹಂಬಲ. ಬಿಲ್ಲೆಗಿಂತ ಅಚ್ಚು ದೊಡ್ಡದಾಗಿರುವ ಕಡೆ ಅಂಕಿಯ ಒಂದು ಭಾಗ ಅಂಚಿನಾಚೆಗೆ ಹೋಗಿರುತ್ತದೆ. ಆದ್ದರಿಂದ ಅಂಕಿಯನ್ನು ಓದುವಾಗ ಒಂದೇ ನಾಣ್ಯವನ್ನು ನೆಚ್ಚದೆ, ಅದೇ ಅಚ್ಚಿನ ಹಲವು ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಪೂರ್ಣ ರೂಪವನ್ನು ಕಂಡುಕೊಳ್ಳಬೇಕು.

ಹೈದರ್ ಮತ್ತು ಟಿಪ್ಪುವಿನ ಆನೆಯ ಕಾಸುಗಳು

ಹೈದರ್ ಅಲಿ ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆನೆಯ ಚಿತ್ರವಿರುವ ತಾಮ್ರದ ಕಾಸನ್ನು ಹೊರಡಿಸಿದ. 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಟಿಪ್ಪು ಈ ಮಾದರಿಯನ್ನು ಬಿಡದೆ ಮುಂದುವರಿಸಿ, ಅದನ್ನು ವಿಸ್ತಾರವಾದ ಒಂದು ವ್ಯವಸ್ಥೆಯನ್ನಾಗಿ ಮಾಡಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗಿನ ಹದಿನಾರು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಟಂಕಸಾಲೆಗಳಿಂದ ಈ ಕಾಸುಗಳು ಹೊರಬಂದವು.

ಟಂಕಸಾಲೆಗಳ ಹೆಸರು ನಾಣ್ಯದ ಹಿಂಬದಿಯಲ್ಲಿ ಪಾರಸಿ ಲಿಪಿಯಲ್ಲಿರುತ್ತದೆ. ಪಟನ್ ಎಂದರೆ ಶ್ರೀರಂಗಪಟ್ಟಣ. ನಗರ ಎಂದರೆ ಬಿದನೂರು. ಊರುಗಳಿಗೆ ಟಿಪ್ಪು ಇಟ್ಟ ಹೊಸ ಹೆಸರುಗಳೂ ಇಲ್ಲಿ ಕಾಣುತ್ತವೆ: ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಫೈಜ್ ಹಿಸಾರ್ ಎಂದರೆ ಗುತ್ತಿ, ಖುರ್ಷೀದ್ ಸವಾದ್ ಎಂದರೆ ಧಾರವಾಡ, ಬೇನಜೀರ್ ಎಂದರೆ ಹೊಳೆಹೊನ್ನೂರು, ಸಲಾಮಾಬಾದ್ ಎಂದರೆ ಸತ್ಯಮಂಗಲ. ಪಟನ್ ಮತ್ತು ನಗರದ ಕಾಸುಗಳು ಇಂದಿಗೂ ಹೇರಳವಾಗಿ ಸಿಗುತ್ತವೆ. ಕೆಲವೇ ವರ್ಷ ನಡೆದ ಟಂಕಸಾಲೆಗಳ ಕಾಸುಗಳು ವಿರಳ. ಇದಕ್ಕೆ ಕಾರಣ ರಾಜಕೀಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ರಾಜ್ಯದ ಸುಮಾರು ಅರ್ಧ ಭಾಗವನ್ನು ಬಿಟ್ಟುಕೊಟ್ಟ. ಮಲಬಾರು, ಧಾರವಾಡಗಳು ಕೈಬಿಟ್ಟುಹೋದಾಗ ಅಲ್ಲಿನ ಟಂಕಸಾಲೆಗಳ ಕೆಲಸವೂ ನಿಂತಿತು.

ತಾಮ್ರದ ನಾಣ್ಯಗಳಿಗೆ ಟಿಪ್ಪು ಗ್ರಹ ನಕ್ಷತ್ರಗಳ ಹೆಸರಿಟ್ಟ. ಒಂದು ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆ ಅಖ್ತರ್, ಅಂದರೆ ನಕ್ಷತ್ರ. ಅರೆಕಾಲು ಪೈಸೆ ಕುತ್ಬ್, ಅಂದರೆ ಧ್ರುವ. ಎರಡು ಪೈಸೆಯ ದೊಡ್ಡ ನಾಣ್ಯಕ್ಕೆ ಮೊದಲು ಉಸ್ಮಾನಿ ಎಂದೂ ಅನಂತರ ಮುಷ್ತರಿ, ಅಂದರೆ ಗುರು ಎಂದೂ ಹೆಸರು ಬಂತು. ಪೈಸೆಯ ತೂಕ ಸುಮಾರು 11 ಗ್ರಾಂ, ಎರಡು ಪೈಸೆಯದು ಅದರ ದುಪ್ಪಟ್ಟು. ಎರಡು ಪೈಸೆಯ ನಾಣ್ಯದಲ್ಲಿ ಆನೆಯ ಬೆನ್ನಿನ ಮೇಲೆ ಬಾವುಟವಿರುತ್ತದೆ. ಇಡೀ ಮಾಲೆಯಲ್ಲಿ ಕೆತ್ತನೆಯ ಸೊಬಗು ಎದ್ದು ಕಾಣುವುದು ಇದರಲ್ಲೇ.

ಇಸವಿಯನ್ನು ಓದುವುದು ಈ ಮಾಲೆಯ ಮೊದಲ ಪಾಠ. ಆರಂಭದ ನಾಣ್ಯಗಳಲ್ಲಿ ಹಿಜರಿ ವರ್ಷವಿದೆ. ಅಂಕಿಗಳು ಎಂದಿನಂತೆ ಎಡದಿಂದ ಬಲಕ್ಕೆ ಸಾಗುತ್ತವೆ. 1787ರ ಹೊತ್ತಿಗೆ ಟಿಪ್ಪು ಮೌಲೂದಿ ಎಂಬ ಹೊಸ ಗಣನೆಯನ್ನು ಜಾರಿಗೆ ತಂದ. ಅದರ 1215ನೆಯ ವರ್ಷದಿಂದ ನಾಣ್ಯಗಳ ಮೇಲಿನ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಯಿತು. ಹಾಗಾಗಿ 1218ನೆಯ ವರ್ಷದ ಕಾಸಿನ ಮೇಲೆ ಕಣ್ಣಿಗೆ ಕಾಣುವುದು 8121. ಇದನ್ನು ತಿಳಿಯದವರು ಇಲ್ಲದ ಇಸವಿಯನ್ನು ಓದಿ ಗಲಿಬಿಲಿಗೊಳ್ಳುತ್ತಾರೆ. 1221 ಮಾತ್ರ ಎರಡು ಕಡೆಯಿಂದ ಓದಿದರೂ ಒಂದೇ. ಕೊನೆಯ ನಾಲ್ಕು ವರ್ಷಗಳಾದ 1224ರಿಂದ 1227ರವರೆಗಿನ ಕಾಸುಗಳಲ್ಲಿ ಕ್ರಮವಾಗಿ ಅಲಿಫ್, ಬೇ, ತೇ, ಸೇ ಎಂಬ ಅಕ್ಷರಗಳು ಸೇರುತ್ತವೆ. ಇಸವಿ ಸವೆದುಹೋದ ನಾಣ್ಯವನ್ನು ಈ ಒಂದು ಅಕ್ಷರದಿಂದಲೇ ಗುರುತಿಸಬಹುದು.

ಒಂದೇ ಟಂಕಸಾಲೆಯ, ಒಂದೇ ವರ್ಷದ ಎರಡು ಜೊಹ್ರಾಗಳನ್ನು ಭೂತಗನ್ನಡಿಯಡಿ ಇಟ್ಟು ನೋಡುವ ಕ್ರಮ ಹೀಗಿದೆ. ಆನೆ ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ ಎಂಬುದು ಮೊದಲ ಪ್ರಶ್ನೆ. ಇದು ಅಚ್ಚಿನ ಭೇದಕ್ಕಿಂತ ದೊಡ್ಡದು, ಬಗೆಯ ವ್ಯತ್ಯಾಸ. ಅನಂತರ ಸೊಂಡಿಲಿನ ತುದಿ ಅಂಚಿನ ಯಾವ ಚುಕ್ಕೆಯ ನೇರಕ್ಕಿದೆ, ಬಾಲ ಎತ್ತಿದೆಯೋ ಇಳಿದಿದೆಯೋ, ದಂತದ ಬಾಗು ಎಷ್ಟು, ನಾಲ್ಕು ಕಾಲುಗಳ ನಡುವಣ ಅಂತರವೆಷ್ಟು ಎಂಬುದನ್ನು ಗಮನಿಸಬೇಕು. ಇಸವಿಯ ಅಂಕಿಗಳು ಆನೆಯ ಬೆನ್ನಿಗೆ ಎಷ್ಟು ಸಮೀಪದಲ್ಲಿವೆ ಎಂಬುದು ಮುಂದಿನ ಗುರುತು. ಹಿಂಬದಿಯಲ್ಲಿ ಜೊಹ್ರಾ ಎಂಬ ಪದದ ಚುಕ್ಕೆ, ಊರಿನ ಹೆಸರಿನ ಅಕ್ಷರಗಳ ಚಾಚು, ಖಾಲಿ ಜಾಗ ತುಂಬಲು ಕೆತ್ತಿದ ಚುಕ್ಕೆ ಹೂಗಳು ಇವನ್ನು ನೋಡಬೇಕು. ಸವೆತದಿಂದ ಬದಲಾಗುವುದು ಗೆರೆಯ ದಪ್ಪ. ಒಂದು ಬಿಂದುವಿಗೂ ಇನ್ನೊಂದಕ್ಕೂ ಇರುವ ಅಂತರ ಬದಲಾಗುವುದಿಲ್ಲ. ಆದ್ದರಿಂದ ಅಚ್ಚನ್ನು ಗುರುತಿಸುವಾಗ ನೆಚ್ಚಬೇಕಾದದ್ದು ಸ್ಥಾನವನ್ನು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳು

1799ರಲ್ಲಿ ಒಡೆಯರ ಮನೆತನಕ್ಕೆ ಪಟ್ಟ ಮರಳಿತು. ದಿವಾನ್ ಪೂರ್ಣಯ್ಯನ ಆಡಳಿತದ ಆರಂಭದ ಕಾಸುಗಳಲ್ಲಿ ಆನೆ ಉಳಿದುಕೊಂಡಿತು. ಆದರೆ ಅದರ ಮೇಲೆ ಸೂರ್ಯ ಚಂದ್ರರ ನಡುವೆ ಶ್ರೀ ಎಂಬ ಕನ್ನಡ ಅಕ್ಷರ ಬಂತು. ಮುಂದೆ ಚಾಮುಂಡಿ ಎಂಬ ಹೆಸರೂ ಸೇರಿತು. ಹಿಂಬದಿಯಲ್ಲಿ ಅರಸನ ಹೆಸರು ಕೃಷ್ಣ, ಬೆಲೆಯನ್ನು ಹೇಳುವ ಮಯಿಲಿ ಕಾಸು ಎಂಬ ಬರಹ, ಮೈಸೂರಿನಲ್ಲಿ ಅಚ್ಚಾಯಿತೆಂಬ ಪಾರಸಿ ಒಕ್ಕಣೆ, ಇಂಗ್ಲಿಷ್ ಅಕ್ಷರಗಳಲ್ಲಿ ಬೆಲೆ ಹೀಗೆ ಮೂರು ಲಿಪಿಗಳು ಒಂದೇ ಬಿಲ್ಲೆಯ ಮೇಲೆ ಕೂಡಿದವು. 5, 10, 20 ಕಾಸುಗಳ ನಾಣ್ಯಗಳು ಈ ವರ್ಗದಲ್ಲಿ ಪ್ರಸಿದ್ಧ. ಕೊನೆಯ ಹಂತದಲ್ಲಿ ಆನೆಯ ಜಾಗಕ್ಕೆ ಚಾಮುಂಡಿಯ ವಾಹನವಾದ ಸಿಂಹ ಬಂತು.

1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು. 1843ರಲ್ಲಿ ಅದನ್ನು ಮುಚ್ಚಲಾಯಿತು. ಅಲ್ಲಿಗೆ ಮೈಸೂರಿನ ಸ್ವಂತ ನಾಣ್ಯಗಳ ಕಾಲ ಮುಗಿಯಿತು.

ಭೇದಗಳನ್ನು ಹುಡುಕುವವರಿಗೆ ಈ ವರ್ಗ ದೊಡ್ಡ ಗಣಿ. ಇಂಗ್ಲಿಷ್ ಅಕ್ಷರಗಳ ಪರಿಚಯ ಕಡಿಮೆಯಿದ್ದ ಕೆತ್ತನೆಗಾರರು ಅವನ್ನು ಚಿತ್ರವೆಂಬಂತೆ ನೋಡಿ ಕೆತ್ತಿದ್ದಾರೆ. ಅದರಿಂದ ತಿರುಗುಮುರುಗಾದ ಅಕ್ಷರಗಳು ಬಂದಿವೆ. ಕನ್ನಡ ಬರಹದಲ್ಲಿ ಒತ್ತು, ಗುಡಿಸುಗಳ ಜಾಗ ಒಂದು ಅಚ್ಚಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸಿಂಹದ ಬಾಲದ ಸುರುಳಿ, ಎತ್ತಿದ ಪಂಜ, ತೆರೆದ ಬಾಯಿ ಪ್ರತಿ ಅಚ್ಚಿನಲ್ಲೂ ಬೇರೆ ಬೇರೆ. ಕನ್ನಡ ಓದಬಲ್ಲ ಸಂಗ್ರಾಹಕನಿಗೆ ಇಲ್ಲಿ ಹೊರಗಿನವರಿಗಿಲ್ಲದ ಅನುಕೂಲವಿದೆ.

ಕೇರಳದಲ್ಲಿ ಮೈಸೂರಿನ ಕಾಸು

ಮಲಬಾರು ಮೈಸೂರಿನ ವಶದಲ್ಲಿದ್ದ ಕಾಲದಲ್ಲಿ ಕಲ್ಲಿಕೋಟೆಯಲ್ಲಿ ಟಂಕಸಾಲೆ ನಡೆಯಿತು. 1788ರಲ್ಲಿ ಟಿಪ್ಪು ಬೇಪೂರು ಹೊಳೆಯ ದಡದಲ್ಲಿ ಹೊಸ ಕೋಟೆಯೂರನ್ನು ಕಟ್ಟಲು ಹೊರಟು ಅದಕ್ಕೆ ಫರ್ರುಖಿ ಎಂದು ಹೆಸರಿಟ್ಟ. ಅದೇ ಇಂದಿನ ಫೆರೋಕ್. ಕಲ್ಲಿಕೋಟೆಯ ಟಂಕಸಾಲೆಯ ಕೆಲಸ ಅಲ್ಲಿಗೆ ಸಾಗಿತು. ಹಾಗಾಗಿ ಮೈಸೂರಿನ ಆನೆ ಕಾಸುಗಳ ಸಂಗ್ರಹ ಕೇರಳದ ನಾಣ್ಯಗಳಿಲ್ಲದೆ ಪೂರ್ತಿಯಾಗದು.

ಕೇರಳದ ಸಂಗ್ರಹಗಳಲ್ಲಿ ಮೈಸೂರಿನ ಕಾಸುಗಳ ಜೊತೆಗೆ ಬೇರೆ ಆಡಳಿತಗಳ ತಾಮ್ರದ ನಾಣ್ಯಗಳೂ ಕಾಣುತ್ತವೆ. ಕೊಚ್ಚಿಯಲ್ಲಿ 1663ರಿಂದ 1795ರವರೆಗೆ ಡಚ್ಚರ ಅಧಿಕಾರವಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ವಿ-ಓ-ಸಿ ಗುರುತಿನ ತಾಮ್ರದ ಡೂಟ್ ನಾಣ್ಯಗಳು ಇಂದಿಗೂ ಅಲ್ಲಿನ ಸಂಗ್ರಾಹಕರ ಬಳಿ ಇವೆ. ಹಾಲೆಂಡ್, ಜೀಲೆಂಡ್, ಉಟ್ರೆಕ್ಟ್ ಮೊದಲಾದ ಪ್ರಾಂತಗಳ ಲಾಂಛನದಿಂದ ಅವುಗಳ ಮೂಲವನ್ನು ಗುರುತಿಸುತ್ತಾರೆ. ತಿರುವಾಂಕೂರಿನಲ್ಲಿ ಬೇರೆಯದೇ ಲೆಕ್ಕ ನಡೆಯುತ್ತಿತ್ತು. 16 ಕಾಸಿಗೆ ಒಂದು ಚಕ್ರಂ, 4 ಚಕ್ರಕ್ಕೆ ಒಂದು ಪಣಂ, 7 ಪಣಕ್ಕೆ ಒಂದು ತಿರುವಾಂಕೂರು ರೂಪಾಯಿ. ಮೂಲಂ ತಿರುನಾಳ್ ಮತ್ತು ಚಿತ್ತಿರ ತಿರುನಾಳ್ ಮಹಾರಾಜರ ಕಾಲದ 1, 4, 8 ಕಾಸುಗಳ ತಾಮ್ರದ ನಾಣ್ಯಗಳಲ್ಲಿ ಸಂಸ್ಥಾನದ ಲಾಂಛನವಾದ ಶಂಖವಿದೆ. ರಾಮವರ್ಮ, ಬಾಲರಾಮವರ್ಮ ಎಂಬ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಹೆಣೆದ ಗುರುತೂ ಅವುಗಳಲ್ಲಿ ಕೆಲವುಗಳ ಮೇಲಿದೆ. ಹಲವು ನಾಣ್ಯಗಳ ಮೇಲೆ ಇಸವಿಯಿಲ್ಲ. ಅಂಥವುಗಳ ಹಿಂದುಮುಂದನ್ನು ತಿಳಿಯಲು ಶಂಖದ ಸುರುಳಿ, ಅಕ್ಷರಗಳ ದಪ್ಪ, ಬಿಲ್ಲೆಯ ದಪ್ಪಗಳೇ ದಾರಿ. ತಿರುವನಂತಪುರದ ಸಮೀಪ ನೆಡುಮಂಗಾಡಿನ ಕೋಯಿಕ್ಕಲ್ ಅರಮನೆಯಲ್ಲಿರುವ ನಾಣ್ಯ ವಸ್ತುಸಂಗ್ರಹಾಲಯದಲ್ಲಿ ಕೇರಳದಲ್ಲಿ ಓಡಾಡಿದ ನಾನಾ ನಾಡಿನ ನಾಣ್ಯಗಳನ್ನು ನೋಡಬಹುದು.

ಅಧ್ಯಯನದ ಇತಿಹಾಸ

ಈ ಕಾಸುಗಳ ಶಾಸ್ತ್ರೀಯ ಅಧ್ಯಯನ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೊದಲಾಯಿತು. ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಬರೆದ ಗ್ರಂಥ, ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದ ಮೈಸೂರು ನಾಣ್ಯಗಳಿಗೆ ಎಡ್ಗರ್ ಥರ್ಸ್ಟನ್ 1888ರಲ್ಲಿ ತಯಾರಿಸಿದ ಪಟ್ಟಿ, ದಕ್ಷಿಣದ ಸಂಗ್ರಾಹಕರಿಗೆಂದು ಟಫ್‌ನೆಲ್ 1889ರಲ್ಲಿ ಹೊರತಂದ ಕೈಪಿಡಿ ಇವು ಅಡಿಪಾಯ ಹಾಕಿದವು. 1914ರಲ್ಲಿ ಜಿ. ಪಿ. ಟೇಲರ್ ಟಿಪ್ಪುವಿನ ನಾಣ್ಯಗಳ ಬಗ್ಗೆ ಪ್ರತ್ಯೇಕ ಪುಸ್ತಕ ಬರೆದರು. 1921ರಲ್ಲಿ ಪ್ರಕಟವಾದ ಜೆ. ಆರ್. ಹೆಂಡರ್ಸನ್ ಅವರ ಹೈದರ್ ಮತ್ತು ಟಿಪ್ಪು ನಾಣ್ಯಗಳ ಗ್ರಂಥ ಈ ಕ್ಷೇತ್ರದ ಆಧಾರಗ್ರಂಥವಾಗಿ ನಿಂತಿದೆ. ಹೆಂಡರ್ಸನ್ ಮದರಾಸು ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಪ್ರಾಣಿಶಾಸ್ತ್ರಜ್ಞ. ಜೀವಜಾತಿಗಳನ್ನು ವಿಂಗಡಿಸುವ ಅದೇ ಶಿಸ್ತಿನಿಂದ ಅವರು ನಾಣ್ಯಗಳನ್ನು ಟಂಕಸಾಲೆವಾರು, ವರ್ಷವಾರು ಜೋಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಹೊರತಂದ ಗ್ರಂಥ ಈ ಕಾಸುಗಳನ್ನು ನಾಡಿನ ದೀರ್ಘ ನಾಣ್ಯಪರಂಪರೆಯಲ್ಲಿಟ್ಟು ತೋರಿಸಿತು.

ಈ ಗ್ರಂಥಗಳು ಮುಖ್ಯವಾಗಿ ಬಗೆಗಳನ್ನು ಪಟ್ಟಿ ಮಾಡುತ್ತವೆ. ಒಂದೊಂದು ಅಚ್ಚಿಗೂ ಸಂಖ್ಯೆ ಕೊಟ್ಟು ಜೋಡಿಗಳನ್ನು ಗುರುತಿಸುವುದು ಮುಂದಿನ ಹೆಜ್ಜೆ.

ಅಮೆರಿಕದ ಮಾದರಿ

ಆ ಹೆಜ್ಜೆ ಹೇಗಿರಬೇಕೆಂದು ತಿಳಿಯಲು ಅಮೆರಿಕದ ಆರಂಭಕಾಲದ ತಾಮ್ರದ ಸೆಂಟುಗಳು ಒಳ್ಳೆಯ ಉದಾಹರಣೆ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ 1793ರಿಂದ 1857ರವರೆಗೆ ದೊಡ್ಡ ಗಾತ್ರದ ಸೆಂಟ್ ಮತ್ತು ಅರ್ಧ ಸೆಂಟ್ ನಾಣ್ಯಗಳು ಅಚ್ಚಾದವು. ಅಂದರೆ ಟಿಪ್ಪುವಿನ ಕೊನೆಯ ಕಾಸುಗಳೂ ಅಮೆರಿಕದ ಮೊದಲ ಸೆಂಟುಗಳೂ ಒಂದೇ ಕಾಲದವು. ಅಲ್ಲಿ ತಿರುಪಿನ ಒತ್ತುಯಂತ್ರವಿತ್ತು. ಆದರೆ ಆರಂಭದಲ್ಲಿ ಅಚ್ಚುಗಳ ಕೆಲಸ ಬಹುಮಟ್ಟಿಗೆ ಕೈಯಿಂದಲೇ ನಡೆಯುತ್ತಿದ್ದುದರಿಂದ ಭೇದಗಳು ಅಲ್ಲೂ ಹೇರಳ. ವಿಲಿಯಂ ಶೆಲ್ಡನ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 1793ರಿಂದ 1814ರವರೆಗಿನ ಸೆಂಟುಗಳ ಪ್ರತಿಯೊಂದು ಅಚ್ಚಿನ ಜೋಡಿಗೂ ಸಂಖ್ಯೆ ಕೊಟ್ಟರು. ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುವ ಪದ್ಧತಿ ಅದರಿಂದಲೇ ಬಂದು ಇಂದು ಲೋಕದಾದ್ಯಂತ ಬಳಕೆಯಲ್ಲಿದೆ. 1967ರಲ್ಲಿ ಈ ನಾಣ್ಯಗಳ ಆಸಕ್ತರದೇ ಒಂದು ಸಂಘ ಹುಟ್ಟಿತು. ಅಲ್ಲಿ ಬಹುಪಾಲು ಕೆಲಸ ಮಾಡಿದವರು ಹವ್ಯಾಸಿಗಳು. ವೈದ್ಯರು, ಮೇಷ್ಟರು, ವ್ಯಾಪಾರಿಗಳು ತಮ್ಮ ತಮ್ಮ ಮನೆಯ ಸಂಗ್ರಹಗಳನ್ನು ಹೋಲಿಸಿ ನೋಡುತ್ತ ಪಟ್ಟಿಯನ್ನು ತುಂಬಿದರು.

ಯಂತ್ರ ಪೂರ್ತಿಯಾಗಿ ಕೈಯ ಜಾಗವನ್ನು ಹಿಡಿದಾಗ ಏನಾಗುತ್ತದೆಂಬುದಕ್ಕೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸರ್ಕಾರಕ್ಕಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಅಚ್ಚಾದ 1808ರ 10 ಮತ್ತು 20 ಕಾಸುಗಳು ನಿದರ್ಶನ. ಅವನ್ನು ಹೊತ್ತ ಅಡ್ಮಿರಲ್ ಗಾರ್ಡ್ನರ್ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. 1980ರ ದಶಕದಲ್ಲಿ ಮೇಲೆತ್ತಿದ ಆ ಕಾಸುಗಳು ಒಂದರಂತೆ ಒಂದಿವೆ. ಅಮೆರಿಕದ ಸೆಂಟುಗಳಿಗೆ ಬೇಕಾದ ಖಾಲಿ ಬಿಲ್ಲೆಗಳಲ್ಲಿ ಹಲವನ್ನು ಪೂರೈಸಿದ್ದೂ ಸೋಹೋವಿನ ಇದೇ ಕಾರ್ಖಾನೆ.

ಸಂಗ್ರಹದ ಕ್ರಮ

ಎಲ್ಲವನ್ನೂ ಕೂಡಿಹಾಕುವುದಕ್ಕಿಂತ ಒಂದು ಮಾಲೆಯನ್ನು ಆರಿಸಿಕೊಳ್ಳುವುದು ಲೇಸು. ಪಟನ್ ಟಂಕಸಾಲೆಯ ಜೊಹ್ರಾ, ಅಥವಾ ಸಿಂಹದ 20 ಕಾಸು ಹೊಸಬರಿಗೆ ತಕ್ಕದ್ದು. ಇವು ಸುಲಭವಾಗಿ ಸಿಗುತ್ತವೆ, ಬೆಲೆಯೂ ಕೈಗೆಟುಕುತ್ತದೆ. ಹೋಲಿಸಲು ಹೆಚ್ಚು ನಾಣ್ಯಗಳಿದ್ದಷ್ಟೂ ಅಚ್ಚುಗಳು ಬೇಗ ಬಿಡಿಯಾಗಿ ಕಾಣುತ್ತವೆ. ಪ್ರತಿ ನಾಣ್ಯಕ್ಕೂ ಒಂದು ಚೀಟಿ ಇರಬೇಕು. ಅದರಲ್ಲಿ ಗ್ರಾಂನ ನೂರನೆಯ ಭಾಗದವರೆಗೆ ತೂಕ, ಮಿಲಿಮೀಟರಿನಲ್ಲಿ ಅಗಲ, ಎರಡು ಬದಿಗಳ ನಡುವಣ ತಿರುವು, ಸಿಕ್ಕ ಊರು ಮತ್ತು ದಿನ ಇಷ್ಟನ್ನು ಬರೆಯಬೇಕು. ಫೋಟೊ ತೆಗೆಯುವಾಗ ಬೆಳಕು ಯಾವಾಗಲೂ ಒಂದೇ ದಿಕ್ಕಿನಿಂದ ಬೀಳಬೇಕು. ಬೆಳಕಿನ ದಿಕ್ಕು ಬದಲಾದರೆ ಒಂದೇ ಅಚ್ಚು ಎರಡಾಗಿ ಕಾಣುತ್ತದೆ.

ಅಚ್ಚುಗಳ ಎಣಿಕೆಯಿಂದ ಟಂಕಸಾಲೆಯ ಕೆಲಸದ ಗಾತ್ರವನ್ನೂ ಅಂದಾಜು ಮಾಡಬಹುದು. ನೂರು ನಾಣ್ಯಗಳಲ್ಲಿ ಹತ್ತೇ ಅಚ್ಚುಗಳು ಮತ್ತೆ ಮತ್ತೆ ಕಂಡರೆ ಒಟ್ಟು ಅಚ್ಚುಗಳು ಕಡಿಮೆ. ತೊಂಬತ್ತು ಬೇರೆ ಬೇರೆ ಅಚ್ಚುಗಳು ಕಂಡರೆ ಇನ್ನೂ ಕಾಣದಿರುವವು ಬಹಳ ಎಂದರ್ಥ. ಟಂಕಸಾಲೆಯ ಲೆಕ್ಕಪತ್ರ ಉಳಿಯದ ಕಡೆ ಈ ಗಣಿತವೇ ಆಧಾರ.

ರಕ್ಷಣೆ ಮತ್ತು ನಕಲಿ

ನಮ್ಮ ಮನೆಗಳಲ್ಲಿ ತಾಮ್ರದ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ರೂಢಿ. ಹಳೆಯ ಕಾಸಿಗೆ ಅದೇ ಉಪಚಾರ ಮಾಡಬಾರದು. ಹುಳಿ ಮೇಲ್ಪದರವನ್ನು ತಿಂದು, ಅಚ್ಚನ್ನು ಗುರುತಿಸಲು ಬೇಕಾದ ಸಣ್ಣ ಗೆರೆಗಳನ್ನೇ ಅಳಿಸುತ್ತದೆ. ಕಂದು, ಗಾಢ ಹಸಿರು ಬಣ್ಣದ ಗಟ್ಟಿ ಪದರ ನಾಣ್ಯಕ್ಕೆ ರಕ್ಷಣೆ. ಆದರೆ ತಿಳಿಹಸಿರು ಪುಡಿಯಂತೆ ಉದುರುವ ಕಿಲುಬು ಲೋಹದ ರೋಗ. ಕ್ಲೋರೈಡ್ ಮತ್ತು ತೇವ ಸೇರಿ ಅದು ಒಳಗೊಳಗೇ ಹರಡುತ್ತದೆ. ಮಂಗಳೂರು, ಕಾಸರಗೋಡು, ಕೊಚ್ಚಿಯಂಥ ಕರಾವಳಿ ಊರುಗಳ ಉಪ್ಪುಗಾಳಿಯಲ್ಲಿ ಇದರ ಹಾವಳಿ ಹೆಚ್ಚು. ರೋಗ ಹತ್ತಿದ ನಾಣ್ಯವನ್ನು ಬೇರೆ ಇಡಬೇಕು. ಮಣ್ಣನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ತೆಗೆದು ಪೂರ್ತಿ ಒಣಗಿಸಬೇಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಬೇಕು. ಪಿವಿಸಿ ಪ್ಲಾಸ್ಟಿಕ್ಕಿನ ಚೀಲಗಳು ಕಾಲಕ್ರಮೇಣ ತಾಮ್ರವನ್ನು ಕೆಡಿಸುವುದರಿಂದ ಆಮ್ಲರಹಿತ ಕಾಗದದ ಲಕೋಟೆ ಮೇಲು.

ಟಿಪ್ಪುವಿನ ಹೆಸರಿಗಿರುವ ಬೇಡಿಕೆಯಿಂದ ಆನೆಯ ಕಾಸುಗಳ ನಕಲಿಗಳೂ ಪ್ರವಾಸಿ ತಾಣಗಳಲ್ಲಿ ಮಾರಾಟವಾಗುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಮೈಮೇಲೆ ಸಣ್ಣ ಗುಳಿ ಗುಳ್ಳೆಗಳು, ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೊನಚಿಲ್ಲದ ಅಕ್ಷರ ಕಾಣುತ್ತವೆ. ಒಂದೇ ಗೀರು, ಒಂದೇ ಸವೆತ ಎರಡು ನಾಣ್ಯಗಳಲ್ಲಿ ಅದೇ ಜಾಗದಲ್ಲಿದ್ದರೆ ಎರಡನ್ನೂ ಅನುಮಾನಿಸಬೇಕು. ಅಚ್ಚನ್ನು ಗುರುತಿಸಲು ಕಲಿತ ಕಣ್ಣಿಗೆ ನಕಲಿಯೂ ಸುಲಭವಾಗಿ ಸಿಕ್ಕಿಬೀಳುತ್ತದೆ.

ಕಾನೂನು

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ಮೀರಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ 1962ರ, ಕೇರಳದಲ್ಲಿ 1968ರ ನಿಧಿ ಕಾಯ್ದೆಗಳು ಅನ್ವಯಿಸುತ್ತವೆ. ಸಿಕ್ಕಿದ್ದನ್ನು ಅಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ. ಗಡಿಗೆಯಲ್ಲಿ ಸಿಕ್ಕ ಕಾಸುಗಳು ಹಂಚಿಹೋಗದೆ ಒಟ್ಟಿಗೇ ಉಳಿದರೆ ಮಾತ್ರ ಅವುಗಳಿಂದ ಕಾಲ, ವ್ಯಾಪಾರದ ದಾರಿ, ಅಚ್ಚಿನ ಕೊಂಡಿ ತಿಳಿಯುತ್ತವೆ.

ಮಹತ್ವ

ತಾಮ್ರದ ಕಾಸನ್ನು ಅರಸರ ಚರಿತ್ರೆಯ ಅಡಿಟಿಪ್ಪಣಿಯಾಗಿ ನೋಡುವುದು ಸಾಲದು. ಹೆಸರು ಬರೆದಿಡದ ಕೆತ್ತನೆಗಾರರ ಕೈಬರಹ ಉಳಿದಿರುವುದು ಈ ಅಚ್ಚುಗಳಲ್ಲಿ. ರೈತರು, ನೇಕಾರರು, ಬಿಡಿ ವ್ಯಾಪಾರಿಗಳ ಲೆಕ್ಕ ನಡೆದದ್ದು ಈ ಬಿಲ್ಲೆಗಳಲ್ಲಿ. ಚಿನ್ನದ ವರಹಗಳನ್ನು ವಸ್ತುಸಂಗ್ರಹಾಲಯಗಳು ಜೋಪಾನ ಮಾಡಿವೆ. ತಾಮ್ರದ ಕಾಸುಗಳು ಇಂದಿಗೂ ಮನೆಮನೆಯ ಡಬ್ಬಿಗಳಲ್ಲಿವೆ, ಹಲವು ಕಡೆ ಗುಜರಿಯ ತೂಕಕ್ಕೂ ಹೋಗಿವೆ. ಅಜ್ಜನ ಪೆಟ್ಟಿಗೆಯಲ್ಲಿ ಇಂಥ ಕಾಸು ಸಿಕ್ಕವರು ಅದನ್ನು ಬೆಳಗದೆ, ಕರಗಿಸದೆ, ತೂಕ ಹಿಡಿದು ಎರಡೂ ಬದಿಯ ಫೋಟೊ ತೆಗೆದು, ಸಿಕ್ಕ ಊರಿನ ಹೆಸರಿನೊಡನೆ ಸಮೀಪದ ವಸ್ತುಸಂಗ್ರಹಾಲಯಕ್ಕೋ ನಾಣ್ಯಸಂಘಕ್ಕೋ ತಿಳಿಸಬೇಕು. ಮೈಸೂರಿನ ಕಾಸುಗಳ ಅಚ್ಚುವಾರು ಪಟ್ಟಿ ಪೂರ್ತಿಯಾಗುವುದು ಅಂಥ ಒಂದೊಂದು ದಾಖಲೆಯಿಂದಲೇ.